ಹೊಸ ಫ್ಲ್ಯಾಟ್‌ನ ಅಡುಗೆ ಕಟ್ಟೆಗೆ ಯಾವ ಕಲ್ಲು ಹಾಕಿಸೋದು?

ಈ ಸಲದ ಮಾತು ಅಡುಗೆಮನೆ ಕಟ್ಟೆ ಬಗ್ಗೆ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು, ಲೋಕಲ್ ಟ್ರೇನಲ್ಲಿ ನಿಂತ್ಕೊಂಡೇ ಓದೋರು ಇದನ್ನ ಓದಿದ್ರೆ ಸಾಕು. ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೀನಿ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ, ಎಲ್ಲಾ ಕಡೆಯಿಂದ ನಮ್ಮವರು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಐರೋಳಿಯಲ್ಲೋ ಮಹಾಪೆಯಲ್ಲೋ ಕೆಲಸ. ಘೋಡ್‌ಬಂದರ್ ರೋಡಲ್ಲೋ, ಪಲಾವಾದಲ್ಲೋ, ಖಾರ್ಘರ್‌ನಲ್ಲೋ ಫ್ಲ್ಯಾಟ್. ಬೀಗದ ಕೈ ಬಂದಿದೆ, ಇಎಂಐ ಶುರುವಾಗಿದೆ. ಇಂಟೀರಿಯರ್‌ನವರು ಬಂದು, "ಬಿಲ್ಡರ್ ಹಾಕಿರೋ ಕಲ್ಲು ತೆಗೆದು ಬಿಳಿ ಕ್ವಾರ್ಟ್ಜ್ ಹಾಕೋಣ ಸರ್" ಅಂತಾರೆ. ಊರಿಂದ ಫೋನಲ್ಲಿ ಅಮ್ಮ, "ಕರಿ ಕಲ್ಲೇ ಇರಲಿ ಕಣೋ" ಅಂತಾರೆ. ಯಾರ ಮಾತು ಕೇಳಬೇಕು?

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ದಿನಾ ಎರಡು ಹೊತ್ತು ನಮ್ಮ ತರದ ಅಡುಗೆ ಆಗೋ ಮನೆಗೆ ಕಡು ಬಣ್ಣದ ಗಟ್ಟಿ ಗ್ರಾನೈಟೇ ಇವತ್ತಿಗೂ ಸರಿ. ಬಿಲ್ಡರ್ ಹಾಕಿರೋ ಗ್ರಾನೈಟ್ ಬಿರುಕಿಲ್ಲದೆ ಚೆನ್ನಾಗಿದ್ರೆ ಅದನ್ನ ಒಡೆಯೋ ಅವಸರ ಬೇಡ. ಯಾಕೆ ಅನ್ನೋದನ್ನ ಕೆಳಗೆ ವಿವರಿಸ್ತೀನಿ. ಇದನ್ನ ಒಪ್ಪದೆ ಬೇರೆ ಕಲ್ಲು ಆರಿಸ್ಕೊಳ್ಳೋರು ಯಾವುದಕ್ಕೆ ತಯಾರಾಗಿರಬೇಕು ಅನ್ನೋದೂ ಇದೆ.

ನಮ್ಮ ಕಟ್ಟೆ ಮೇಲೆ ದಿನಾ ಏನಾಗತ್ತೆ?

ಕ್ಯಾಟಲಾಗ್ ಫೋಟೋದಲ್ಲಿ ಕಟ್ಟೆ ಮೇಲೆ ಒಂದು ಹೂದಾನಿ, ಒಂದು ಬುಟ್ಟಿ ಹಣ್ಣು ಇರತ್ತೆ. ನಮ್ಮ ಮನೇಲಿ ಹಾಗಿರಲ್ಲ. ಕಲ್ಲಿನ ಹೆಸರು ಕೇಳೋ ಮುಂಚೆ ಈ ನಾಲ್ಕನ್ನ ನೆನಪಿಟ್ಕೊಳ್ಳಿ.

ಒಂದು, ಹುಳಿ. ಹುಣಸೆ ರಸದಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲ ಇರತ್ತೆ. ಕರಾವಳಿಯವರ ಮನೇಲಿ ಪುನರ್ಪುಳಿ ಬೇರೆ. ಇಲ್ಲಿನವರು ಅದಕ್ಕೇ ಕೋಕಂ ಅಂತಾರೆ.

ಎರಡು, ಬಣ್ಣ ಮತ್ತು ಎಣ್ಣೆ. ಅರಿಶಿನ, ಸಾರಿನ ಪುಡಿ, ಒಗ್ಗರಣೆ ಎಣ್ಣೆ.

ಮೂರು, ಬಿಸಿ. ಸೀಟಿ ಹೊಡೆಯೋ ಕುಕ್ಕರ್ ಒಳಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್. ದೋಸೆ ಕಾವಲಿ 200 ದಾಟಬಹುದು. ಬೆಳಗ್ಗೆ 8:02ರ ಲೋಕಲ್ ಹಿಡಿಯೋ ಮನೇಲಿ ಕುಕ್ಕರ್ ಇಳಿಸೋವಾಗ ಕೆಳಗೆ ಮಣೆ ಹುಡುಕ್ತಾ ಕೂರೋರು ಯಾರು?

ನಾಲ್ಕು, ಭಾರ ಮತ್ತು ಪೆಟ್ಟು. ಇಡ್ಲಿ ಹಿಟ್ಟಿನ ಗ್ರೈಂಡರ್ ಹತ್ತು ಕಿಲೋ ದಾಟತ್ತೆ. ತೆಂಗಿನಕಾಯಿ ಒಡೆಯೋದು, ಬೆಳ್ಳುಳ್ಳಿ ಜಜ್ಜೋದು, ಉತ್ತರ ಕರ್ನಾಟಕದವರಾದ್ರೆ ಜೋಳದ ರೊಟ್ಟಿ ತಟ್ಟೋದು. ಎಲ್ಲಾ ಅದೇ ಕಲ್ಲಿನ ಮೇಲೆ.

ಈ ನಾಲ್ಕರಲ್ಲಿ ಯಾವ ಕಲ್ಲು ಎಲ್ಲಿ ಸೋಲತ್ತೆ ಅಂತ ನೋಡೋಣ.

ಕಡಪಾ ಮತ್ತು ಮಾರ್ಬಲ್: ಹುಳಿಗೆ ಸೋಲೋ ಕಲ್ಲುಗಳು

ಇಲ್ಲಿ ಅಡುಗೆ ಕಟ್ಟೆಗೆ ಮರಾಠಿಯವರು ಓಟಾ ಅಂತಾರೆ. ಹಳೇ ಚಾಳ್‌ಗಳಲ್ಲಿ, ಹಳೇ ಕಟ್ಟಡಗಳಲ್ಲಿ ಆ ಓಟಾ ಬಹಳ ಕಡೆ ಕಡಪಾ ಕಲ್ಲಿಂದು. ಆಂಧ್ರದ ಕಡಪ ಜಿಲ್ಲೆಯ ಹೆಸರು ಹೊತ್ತ ಕಪ್ಪು ಕಲ್ಲು. ನೋಡೋಕೆ ಕರಿ ಗ್ರಾನೈಟ್ ತರಾನೇ ಇದ್ರೂ ಜಾತಿ ಬೇರೆ. ಅದು ಸುಣ್ಣದ ಕಲ್ಲು, ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲಿನ ನೆಂಟ ಅನ್ನಿ. ಸುಣ್ಣದ ಕಲ್ಲಲ್ಲಿ ಮುಖ್ಯವಾಗಿ ಇರೋದು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದ್ರೆ ಅದು ಕರಗತ್ತೆ. ಹಳೇ ಬಾಡಿಗೆ ಮನೆಗಳ ಕಪ್ಪು ಓಟಾ ಮೇಲೆ ಬೂದು ಮಚ್ಚೆ ನೋಡಿರ್ತೀರ. ಎಷ್ಟು ತಿಕ್ಕಿದ್ರೂ ಹೋಗಲ್ಲ, ಯಾಕಂದ್ರೆ ಅದು ಕೊಳೆಯಲ್ಲ. ಅಲ್ಲಿ ಕಲ್ಲಿನ ಮೇಲ್ಮೈಯೇ ಸವೆದಿರತ್ತೆ.

ಮಾರ್ಬಲ್ ಕತೆಯೂ ಅದೇ. ರಾಜಸ್ಥಾನದ ಮಕ್ರಾಣಾದ್ದಾಗಲಿ, ಇಟಲಿಯದ್ದಾಗಲಿ, ಒಳಗಿರೋದು ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಖನಿಜಗಳ ಗಡಸುತನವನ್ನ 1ರಿಂದ 10ರವರೆಗೆ ಅಳೆಯೋ ಮೋಸ್ ಮಾಪಕದಲ್ಲಿ ಅದಕ್ಕೆ 3. ಉಕ್ಕಿನ ಚಾಕುಗೆ ಸುಮಾರು ಐದೂವರೆ. ಅಂದ್ರೆ ಚಾಕು ಎಳೆದ್ರೆ ಗೆರೆ ಬೀಳೋದು ಕಲ್ಲಿಗೆ. ದೇವರ ಮನೆಗೆ ಹಾಕಿಸಿ, ಚೆನ್ನಾಗಿರತ್ತೆ. ಸಾರು ಕುದಿಯೋ ಜಾಗಕ್ಕೆ ಬೇಡ.

ಹಾಗಂತ ಕಡಪಾನ ಪೂರ್ತಿ ತಳ್ಳಿಹಾಕಬೇಡಿ. ಗ್ರಾನೈಟ್ ಕೆಳಗೆ ಆಧಾರಕ್ಕೆ ನಿಲ್ಲಿಸೋ ಕಲ್ಲಾಗಿ, ಒಳಗಿನ ಅರೆಗಳಾಗಿ ಅದು ಅಗ್ಗ, ಗಟ್ಟಿ. ನಮ್ಮಲ್ಲಿನ ಮಳೆಗಾಲದ ತೇವಕ್ಕೆ ಪ್ಲೈವುಡ್ ಉಬ್ಬತ್ತೆ, ಕಡಪಾ ಉಬ್ಬಲ್ಲ.

ಗ್ರಾನೈಟ್: ಹೆಸರು ಒಂದು, ಕಲ್ಲು ಹಲವು

ಅಂಗಡಿಯಲ್ಲಿ ಪಾಲಿಶ್ ಬರೋ ಗಟ್ಟಿ ಕಲ್ಲಿಗೆಲ್ಲ ಗ್ರಾನೈಟ್ ಅಂತಾರೆ. ಭೂವಿಜ್ಞಾನದವರ ಲೆಕ್ಕ ಬೇರೆ. ಇಳಕಲ್ ಅಂದ್ರೆ ನಮಗೆ ಸೀರೆ ನೆನಪಾಗತ್ತೆ, ಕಲ್ಲಿನ ವ್ಯಾಪಾರದವರಿಗೆ ನೆನಪಾಗೋದು ಅಲ್ಲಿನ ಕೆಂಪು ಗ್ರಾನೈಟ್. ಚಾಮರಾಜನಗರದ ಪ್ರಸಿದ್ಧ ಕರಿ ಕಲ್ಲು ವಾಸ್ತವವಾಗಿ ಡಾಲರೈಟ್. ಇಲ್ಲಿನ ಅಂಗಡಿಗಳಲ್ಲಿ ಎಲ್ಲರಿಗೂ ಇಷ್ಟವಾಗೋ, ಚುಕ್ಕಿ ಚುಕ್ಕಿಯಾಗಿ ಮಿನುಗೋ ಬ್ಲ್ಯಾಕ್ ಗ್ಯಾಲಕ್ಸಿ ಬರೋದು ಆಂಧ್ರದ ಓಂಗೋಲ್ ಹತ್ತಿರದ ಚೀಮಕುರ್ತಿಯಿಂದ. ಅದು ಗ್ಯಾಬ್ರೋ ಜಾತಿಯ ಕಲ್ಲು. ಹೆಸರು ತಪ್ಪು ಅಂತ ಜಗಳ ಮಾಡೋದು ಬೇಡ. ಅಡುಗೆಮನೆಗೆ ಇವು ಇನ್ನೂ ಒಳ್ಳೇದೇ: ಒತ್ತಾದ ಕಲ್ಲು, ನೀರು ಎಣ್ಣೆ ಹೀರೋದು ತೀರಾ ಕಡಿಮೆ.

ಹುಳಿಗೆ ಹೆದರಲ್ಲ. ಬಿಸಿ ಕಾವಲಿಗೂ ಹೆದರಲ್ಲ. ಇದರಲ್ಲಿರೋ ಖನಿಜಗಳ ಗಡಸುತನ ಸುಮಾರು 6ರಿಂದ 7, ಹಾಗಾಗಿ ಮೊಂಡಾಗೋದು ಚಾಕು. ಅರಿಶಿನ ಬಿದ್ರೆ ಒರೆಸಿದ್ರೆ ಹೋಗತ್ತೆ. ಆದರೆ ಬಿಳಿ, ತಿಳಿ ಬೂದು, ಹಳದಿ ಛಾಯೆಯ ಗ್ರಾನೈಟ್‌ಗಳಲ್ಲಿ ಕೆಲವು ಎಣ್ಣೆ ಹೀರ್ತವೆ, ಕಲೆ ಉಳಿಯತ್ತೆ. ಅಂಥವಕ್ಕೆ ಸೀಲರ್ ಹಚ್ಚಿಸಬೇಕು, ಅದನ್ನ ಆಗಾಗ ಮತ್ತೆ ಹಚ್ತಾ ಇರಬೇಕು.

ಕರಿ ಕಲ್ಲಿನ ಒಂದು ತೊಂದರೆ ಹೇಳಲೇಬೇಕು. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬರೋ ಸೊಸೈಟಿಗಳಲ್ಲಿ ಸಿಂಕ್ ಸುತ್ತ ಬಿಳಿ ಪೊರೆ ಕಟ್ಟತ್ತೆ. ಗಡಸು ನೀರಿನ ಸುಣ್ಣ ಅದು, ಕಪ್ಪಿನ ಮೇಲೆ ಎದ್ದು ಕಾಣತ್ತೆ. ರಾತ್ರಿ ಮಲಗೋ ಮುಂಚೆ ಒಣ ಬಟ್ಟೆಯಲ್ಲಿ ಒರೆಸಿಬಿಟ್ರೆ ಕಟ್ಟಲ್ಲ. ಬಾತ್‌ರೂಮ್ ತೊಳೆಯೋ ಆ್ಯಸಿಡ್ ಮಾತ್ರ ಹಾಕಬೇಡಿ, ಪಾಲಿಶ್ ಹೋಗತ್ತೆ.

ಕ್ವಾರ್ಟ್ಜ್: ಚಂದ ಇದೆ, ಆದರೆ ಬಿಸಿಗೆ ಹುಷಾರು

ಕ್ವಾರ್ಟ್ಜ್ ಅಂದ್ರೆ ನಮ್ಮ ಬೆಣಚುಕಲ್ಲು. ಅಂಗಡಿಯ ಕ್ವಾರ್ಟ್ಜ್ ಗಣಿಯಿಂದ ಕೊಯ್ದು ತಂದ ಹಾಸುಗಲ್ಲಲ್ಲ. ಬೆಣಚುಕಲ್ಲಿನ ಪುಡಿ, ಹರಳುಗಳನ್ನ ಪ್ಲಾಸ್ಟಿಕ್ ಜಾತಿಯ ಅಂಟಿನಲ್ಲಿ, ಅಂದ್ರೆ ರೆಸಿನ್‌ನಲ್ಲಿ ಕಲಸಿ, ಒತ್ತಿ, ಬೇಯಿಸಿ ಮಾಡಿದ ಹಲಗೆ ಅದು. ತೂಕದಲ್ಲಿ ಸುಮಾರು 90 ಭಾಗ ಕಲ್ಲು, ಮಿಕ್ಕಿದ್ದು ರೆಸಿನ್ ಮತ್ತು ಬಣ್ಣ. ಸೂಜಿತೂತು ಇರಲ್ಲ, ನೀರು ಹೀರಲ್ಲ, ಸೀಲರ್ ಬೇಡ. ಹುಳಿಗೂ ಜಗ್ಗಲ್ಲ. ಬಿಳಿ ಕಟ್ಟೆಯೇ ಬೇಕು ಅನ್ನೋರಿಗೆ ಮಾರ್ಬಲ್‌ಗಿಂತ ಎಷ್ಟೋ ವಾಸಿ.

ತೊಂದರೆ ಬರೋದು ಆ ಹತ್ತು ಭಾಗದಿಂದ. ಸುಮಾರು 150 ಡಿಗ್ರಿ ದಾಟಿದ್ರೆ ರೆಸಿನ್ ಕೆಡೋಕೆ ಶುರು. ದೋಸೆ ಕಾವಲಿ ನೇರ ಇಟ್ರೆ ಹಳದಿ ವೃತ್ತ ಬೀಳಬಹುದು, ಬಿರುಕೂ ಬಿಡಬಹುದು. ಒಮ್ಮೆ ಬಿದ್ರೆ ಪಾಲಿಶ್ ಮಾಡಿ ತೆಗೆಯೋಕಾಗಲ್ಲ. ಕಿಟಕಿಯಿಂದ ನೇರ ಬಿಸಿಲು ಬೀಳೋ ಕಡೆ, ಡ್ರೈ ಬಾಲ್ಕನಿಯಲ್ಲಿ, ವರ್ಷಗಳು ಕಳೆದ ಹಾಗೆ ಬಿಳಿ ಹಳದಿಗೆ ತಿರುಗೋದೂ ಉಂಟು. ಅರಿಶಿನ ರಾತ್ರಿಯಿಡೀ ಬಿಟ್ರೆ ಬಿಳಿ ಕ್ವಾರ್ಟ್ಜ್ ಮೇಲೆ ನೆರಳಿನ ಹಾಗೆ ಉಳಿಯತ್ತೆ. ಮಣೆ ಇಟ್ಟು ಕುಕ್ಕರ್ ಇಡ್ತೀವಿ, ಬಿದ್ದಿದ್ದನ್ನ ತಕ್ಷಣ ಒರೆಸ್ತೀವಿ ಅನ್ನೋ ಶಿಸ್ತಿದ್ರೆ ಧಾರಾಳವಾಗಿ ಹಾಕಿಸಿ.

ನ್ಯಾನೋ ವೈಟ್, ಕೋರಿಯನ್, ದೊಡ್ಡ ಟೈಲ್ ಸ್ಲ್ಯಾಬ್

ನ್ಯಾನೋ ವೈಟ್ ಅಂತ ಮಾರೋದು ಗಾಜಿನ ಜಾತಿಯದ್ದು. ಹಾಲಿನಂಥ ಬಿಳಿ, ಕಲೆ ಹಿಡಿಯಲ್ಲ, ಬಿಸಿಯೂ ತಡೆಯತ್ತೆ. ಆದರೆ ಪೆಟ್ಟು ತಡೆಯಲ್ಲ. ಅಂಚಿಗೆ ಸ್ಟೀಲ್ ಕೊಡ ತಾಗಿದ್ರೆ ಚಕ್ಕೆ ಏಳತ್ತೆ, ಅದಕ್ಕೆ ತೇಪೆ ಹಾಕಿದ್ರೂ ಕಾಣತ್ತೆ. ನಮ್ಮ ಬಿಲ್ಡಿಂಗಲ್ಲೇ ಒಬ್ಬರ ಮನೇಲಿ ಸಿಂಕ್ ಮುಂದಿನ ಅಂಚು ಎರಡು ಕಡೆ ಚಕ್ಕೆ ಎದ್ದಿದೆ, ಅತಿಥಿಗಳು ಬಂದಾಗ ಅಲ್ಲಿ ಟವೆಲ್ ನೇತುಹಾಕ್ತಾರೆ.

ಕೋರಿಯನ್ ಅನ್ನೋದು ಡ್ಯೂಪಾಂಟ್ ಕಂಪನಿ 1967ರಲ್ಲಿ ತಂದ ಅಕ್ರಿಲಿಕ್ ಹಲಗೆಯ ಹೆಸರು. ಈಗ ಎಲ್ಲಾ ಅಕ್ರಿಲಿಕ್ ಕಟ್ಟೆಗೂ ಅಂಗಡಿಯವರು ಅದೇ ಹೆಸರು ಹೇಳ್ತಾರೆ. ಜೋಡಣೆ ಗೆರೆ ಕಾಣಲ್ಲ, ಗೀರು ಬಿದ್ರೆ ಉಜ್ಜಿ ಸರಿಮಾಡಬಹುದು. ಆದರೆ ಬಿಸಿ ಪಾತ್ರೆಗೆ ಕ್ವಾರ್ಟ್ಜ್‌ಗಿಂತಲೂ ಬೇಗ ಸೋಲತ್ತೆ.

ಹೊಸದಾಗಿ ಬಂದಿರೋದು ದೊಡ್ಡ ಪೋರ್ಸಲಿನ್ ಸ್ಲ್ಯಾಬ್. ಗುಜರಾತಿನ ಮೋರ್ಬಿಯಲ್ಲೂ ತಯಾರಾಗತ್ತೆ. ತುಂಬಾ ಹೆಚ್ಚಿನ ತಾಪದಲ್ಲಿ ಬೆಂದಿದ್ದು, ಹಾಗಾಗಿ ಬಿಸಿ, ಬಿಸಿಲು, ಹುಳಿ, ಅರಿಶಿನ ಯಾವುದಕ್ಕೂ ಜಗ್ಗಲ್ಲ. ಸೂಕ್ಷ್ಮ ಇರೋದು ಅಂಚಲ್ಲಿ. ಕೊಯ್ಯೋದೂ ಕಷ್ಟ, ಇದನ್ನ ಮೊದಲೇ ಮಾಡಿ ಅನುಭವ ಇರೋ ಫಿಟರ್ ಬೇಕು. ಡಿಸೈನ್ ಮೇಲ್ಪದರದಲ್ಲಿ ಮಾತ್ರ ಇದ್ರೆ, ಅಂಚಿನಲ್ಲಿ ಮೈಯ ಬಣ್ಣ ಬೇರೆ ಕಾಣತ್ತೆ. ಅದನ್ನ ಮೊದಲೇ ಕೇಳಿ.

ಮಾತು ಬೇಡ, ತುಂಡು ತನ್ನಿ

ಶಿಳಫಾಟಾ ಕಡೆಯ ಅಂಗಡಿಗಳಿಗೆ ಹೋಗಿ, ನಿಮ್ಮ ಮನೆ ಹತ್ತಿರದ ಅಂಗಡಿಗೇ ಹೋಗಿ, ಇಷ್ಟವಾದ ಕಲ್ಲಿನ ಅಂಗೈಯಗಲದ ವೇಸ್ಟ್ ತುಂಡು ಕೇಳಿ. ಸಾಮಾನ್ಯವಾಗಿ ಕೊಡ್ತಾರೆ. ಮನೆಗೆ ತಂದು ನಾನು ಮಾಡೋ ಪರೀಕ್ಷೆಗಳು ಇವು.

ನಿಂಬೆ ಪರೀಕ್ಷೆ: ಎರಡು ಹನಿ ಹಾಕಿ 15 ನಿಮಿಷ ಬಿಡಿ. ಒರೆಸಿದ ಮೇಲೆ ಮಂಕು ಮಚ್ಚೆ ಕಂಡ್ರೆ ಅದು ಸುಣ್ಣದ ಜಾತಿ, ಯಾವ ಹೆಸರಲ್ಲಿ ಮಾರಿದ್ರೂ ಸರಿ.

ನೀರಿನ ಪರೀಕ್ಷೆ: ಹನಿ ಕೂತ ಜಾಗ 15 ನಿಮಿಷದಲ್ಲಿ ಕಪ್ಪಾದ್ರೆ ಕಲ್ಲು ಹೀರ್ತಾ ಇದೆ ಅಂತ ಅರ್ಥ. ಸೀಲರ್ ಬೇಕಾಗತ್ತೆ.

ಥಿನ್ನರ್ ಪರೀಕ್ಷೆ: ಹತ್ತಿಯಲ್ಲಿ ಥಿನ್ನರ್ ಅಥವಾ ನೇಲ್ ಪಾಲಿಶ್ ರಿಮೂವರ್ ಅದ್ದಿ ಗಟ್ಟಿಯಾಗಿ ಉಜ್ಜಿ. ಹತ್ತಿ ಕಪ್ಪಾದ್ರೆ ಬೂದು ಕಲ್ಲಿಗೆ ಬಣ್ಣ ಹಚ್ಚಿ ಕರಿ ಮಾಡಿದ್ದಾರೆ. ಕರಿ ಕಲ್ಲಿಗೆ ಇದು ತಪ್ಪದೆ ಮಾಡಿ.

ಅರಿಶಿನ ಪರೀಕ್ಷೆ: ಅರಿಶಿನ, ಎಣ್ಣೆ ಕಲಸಿ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಪಾತ್ರೆ ಸೋಪಲ್ಲಿ ತೊಳೆದು ನೋಡಿ.

ಪೂರ್ತಿ ಸ್ಲ್ಯಾಬ್‌ನ ಅಂಗಡಿಯಲ್ಲೇ ನೋಡಬೇಕು. ಮೇಲೆ ನೀರು ಸುರಿಸಿ. ಒಣಗೋವಾಗ ಕೂದಲೆಳೆ ಬಿರುಕಿದ್ದ ಕಡೆ ಗೆರೆ ಒದ್ದೆಯಾಗೇ ಉಳಿಯತ್ತೆ. ನಾಣ್ಯದಿಂದ ತಟ್ಟಿ: ಟಣ್ ಅಂದ್ರೆ ಸರಿ, ಮಂದವಾದ ಶಬ್ದ ಬಂದ್ರೆ ಒಳಗೆ ಒಡಕಿರಬಹುದು. ಹಿಂದೆ ಜಾಲರಿ ಅಂಟಿಸಿದ್ರೆ ಯಾಕೆ ಅಂತ ಕೇಳಿ. ದುರ್ಬಲ ಕಲ್ಲು ಒಡೆಯದ ಹಾಗೆ ಹಾಗೆ ಮಾಡೋದುಂಟು.

ಬಿಲ್ಡರ್ ಕಟ್ಟೆ ಒಡೆಯೋ ಮುಂಚೆ

ಇದು ಹಣದ ವಿಷಯ, ಸ್ವಲ್ಪ ಗಮನ ಕೊಡಿ. ನಿಮ್ಮ ಅಗ್ರಿಮೆಂಟ್ ಜೊತೆಗಿರೋ ಪಟ್ಟಿಯಲ್ಲಿ ಅಡುಗೆ ಕಟ್ಟೆಗೆ ಏನು ಕೊಡ್ತೀವಿ ಅಂತ ಬರೆದಿರ್ತಾರೆ: ಗ್ರಾನೈಟ್, ಸ್ಟೀಲ್ ಸಿಂಕ್ ಹೀಗೆ. ಅದನ್ನೊಮ್ಮೆ ಓದಿ. 2016ರ ರೇರಾ ಕಾಯ್ದೆಯ 14ನೇ ಕಲಮಿನ 3ನೇ ಉಪಕಲಮಿನ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡು ನೀವು ತಿಳಿಸಿದ್ರೆ, ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಲ್ಲೇ ಸರಿಪಡಿಸಬೇಕು. ಕಲ್ಲು ಬಿರುಕು ಬಿಟ್ಟಿದ್ರೆ, ಸಿಂಕ್ ಕೆಳಗೆ ಸೋರ್ತಾ ಇದ್ರೆ, ಮೊದಲು ಫೋಟೋ ತೆಗೆದು ಇಮೇಲ್‌ನಲ್ಲಿ ತಿಳಿಸಿ. ನೀವೇ ಒಡೆದು ಹೊಸದು ಹಾಕಿಸಿದ ಮೇಲೆ ಕೆಳಗಿನ ಮನೆಗೆ ನೀರು ಇಳಿದ್ರೆ, "ನಿಮ್ಮ ಕೆಲಸದವರು ಮಾಡಿದ್ದು" ಅಂತ ಅವರು ಕೈ ತೊಳ್ಕೊಳ್ಳೋದು ಸುಲಭ.

ಕಟ್ಟೆ ಗಟ್ಟಿ ಇದೆ, ಬಣ್ಣ ಮಾತ್ರ ಇಷ್ಟ ಇಲ್ಲ ಅನ್ನೋರಿಗೆ ಒಂದು ದಾರಿ: ಹಳೇದರ ಮೇಲೇ 12 ಮಿಲಿಮೀಟರ್ ಪೋರ್ಸಲಿನ್ ಸ್ಲ್ಯಾಬ್ ಅಂಟಿಸೋದು. ಎತ್ತರ ಅರ್ಧ ಇಂಚು ಹೆಚ್ಚಾಗತ್ತೆ, ಸಿಂಕ್ ತೆಗೆದು ಕೂರಿಸಬೇಕಾಗತ್ತೆ, ಆದರೆ ಒಡೆಯೋದು ತಪ್ಪತ್ತೆ. ಮಹಾನಗರ ಗ್ಯಾಸ್ ಪೈಪ್ ಕಟ್ಟೆಯ ತೂತಿನ ಮೂಲಕ ಬಂದಿದ್ರೆ ಅದನ್ನ ಮೇಸ್ತ್ರಿ ಕೈಯಲ್ಲಿ ಸರಿಸೋಕೆ ಬಿಡಬೇಡಿ, ಕಂಪನಿಗೆ ಹೇಳಿ ಅವರ ಕಡೆಯವರಿಂದಲೇ ಮಾಡಿಸಿ.

ಲೆಕ್ಕ ಕೇಳೋ ರೀತಿ

ದರ ತಿಂಗಳಿಗೊಂದು ತರ, ಅದನ್ನ ಹೇಳಲ್ಲ. ಲೆಕ್ಕ ಹೇಗೆ ಅಂತ ನೋಡಿ. ಎಲ್ ಆಕಾರದ ಕಟ್ಟೆ, ಒಂದು ಗೋಡೆ 10 ಅಡಿ, ಇನ್ನೊಂದು 7 ಅಡಿ, ಅಗಲ 2 ಅಡಿ ಅನ್ಕೊಳ್ಳಿ. ಮೂಲೆಯನ್ನ ಎರಡು ಸಲ ಎಣಿಸಬಾರದು. ಹಾಗಾಗಿ 20 ಮತ್ತು 10, ಒಟ್ಟು 30 ಚದರಡಿ. "17 ಅಡಿ ಗುಣಿಸು 2, 34" ಅಂತ ಬಿಲ್ ಬಂದ್ರೆ ಮೂಲೆಯ 4 ಚದರಡಿಗೆ ಎರಡು ಸಲ ದುಡ್ಡು ಕೊಟ್ಟ ಹಾಗೆ. ಇನ್ನು ಪೂರ್ತಿ ಸ್ಲ್ಯಾಬ್ ಕೊಳ್ಳಬೇಕಾದ್ರೆ ಉಳಿದ ತುಂಡು ನಿಮ್ಮದೇ, ಕೇಳಿ ತಗೊಳ್ಳಿ. ಕಿಟಕಿ ಚೌಕಟ್ಟಿಗೋ ರೊಟ್ಟಿ ತಟ್ಟೋಕೋ ಆಗತ್ತೆ.

ಕಲ್ಲಿನ ದರದ ಹೊರಗೆ ಅಂಚಿನ ಮೋಲ್ಡಿಂಗ್ ಅಡಿ ಲೆಕ್ಕದಲ್ಲಿ, ಸಿಂಕ್ ಮತ್ತು ಹಾಬ್ ಕಟಿಂಗ್ ಬಿಡಿ ಲೆಕ್ಕದಲ್ಲಿ, ಮುಂದಿನ ಪಟ್ಟಿ, ಸಾಗಣೆ, ಮೇಲೆ ಹೊತ್ತು ತರೋ ಕೂಲಿ ಎಲ್ಲಾ ಸೇರತ್ತೆ. ಎಲ್ಲಾ ಬರೆಸ್ಕೊಂಡು ಆಮೇಲೆ ಎರಡು ಅಂಗಡಿ ಹೋಲಿಸಿ.

ಭಾರದ ಲೆಕ್ಕವೂ ಇದೆ. 18 ಮಿಲಿಮೀಟರ್ ದಪ್ಪದ ಕರಿ ಕಲ್ಲು ಚದರಡಿಗೆ ಸುಮಾರು 5 ಕಿಲೋ. 30 ಚದರಡಿಗೆ 150 ಕಿಲೋ. ಬರೀ ಟ್ರಾಲಿಯ ಪ್ಲೈವುಡ್ ಡಬ್ಬಗಳ ಮೇಲೆ ಅದನ್ನ ಕೂರಿಸ್ತೀವಿ ಅಂದ್ರೆ ಕೆಳಗಿನ ಆಧಾರ ತೋರಿಸಿ ಅಂತ ಕೇಳಿ. ಇನ್ನೊಂದು ವಿಷಯ ಟವರ್‌ಗಳಲ್ಲಿರೋರಿಗೆ: 10 ಅಡಿ ತುಂಡು ಲಿಫ್ಟಲ್ಲಿ ಹಿಡಿಯಲ್ಲ. 22ನೇ ಮಹಡಿಗೆ ಮೆಟ್ಟಿಲಲ್ಲಿ ಹೊತ್ತು ತರೋದು ಕಷ್ಟ ಅಂತ ಎರಡು ತುಂಡು ಮಾಡ್ತಾರೆ. ಜೋಡಣೆ ಎಲ್ಲಿ ಬರತ್ತೆ ಅಂತ ಮೊದಲೇ ಗುರುತು ಮಾಡಿಸಿ. ಸಿಂಕ್ ಮತ್ತು ಒಲೆಯ ತೂತುಗಳ ಮುಂದಿನ ಸಣ್ಣ ಪಟ್ಟಿ ಕಟ್ಟೆಯ ಅತಿ ದುರ್ಬಲ ಜಾಗ, ಜೋಡಣೆ ಅಲ್ಲಿ ಬರಬಾರದು. ತೂತಿನ ಮೂಲೆಗಳು ಚೂಪಾಗಿರದೆ ದುಂಡಗಿರಲಿ, ಬಿರುಕು ಶುರುವಾಗೋದು ಚೂಪು ಮೂಲೆಯಿಂದಲೇ. ಮುಂದಿನ ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಗಾಡಿ ಕೊಯ್ಸಿ. ಕಟ್ಟೆಯಿಂದ ಇಳಿಯೋ ನೀರು ಅಲ್ಲೇ ತೊಟ್ಟಿಕ್ಕತ್ತೆ, ಕೆಳಗಿನ ಬಾಗಿಲುಗಳಿಗೆ ಹೋಗಲ್ಲ.

ಧೂಳಿನ ಮಾತು

ಇದನ್ನ ಯಾವ ಶೋರೂಮಿನವರೂ ಹೇಳಲ್ಲ. ಕಲ್ಲು ಕೊಯ್ಯೋವಾಗ ಏಳೋ ಧೂಳಲ್ಲಿ ಸಿಲಿಕಾ ಇರತ್ತೆ. ಅದರ ಅತಿ ಸಣ್ಣ ಕಣ ಶ್ವಾಸಕೋಶದ ಒಳಗೆ ಇಳಿದು ಅಲ್ಲಿ ಗಾಯದ ಗುರುತು ಬಿಡತ್ತೆ. ಆ ಕಾಯಿಲೆಗೆ ಸಿಲಿಕೋಸಿಸ್ ಅಂತಾರೆ, ಗುಣ ಮಾಡೋ ಮದ್ದಿಲ್ಲ. ಗ್ರಾನೈಟಲ್ಲೂ ಸಿಲಿಕಾ ಇದೆ, ಆದರೆ ಕ್ವಾರ್ಟ್ಜ್ ಹಲಗೆಯಲ್ಲಿ ಅದು ತೀರಾ ಹೆಚ್ಚು. ಕೊಯ್ಯೋ ಕೆಲಸಗಾರರಿಗೆ ಈ ಕಾಯಿಲೆ ಬಂದಿದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಕ್ವಾರ್ಟ್ಜ್ ಹಲಗೆಯನ್ನ ನಿಷೇಧಿಸಿತು. ಕೂರಿಸಿದ ಮೇಲೆ ಮನೆಯಲ್ಲಿರೋರಿಗೆ ಅದರಿಂದ ಅಪಾಯ ಇಲ್ಲ. ಅಪಾಯ ಇರೋದು ಕೊಯ್ಯೋ ಹುಡುಗನಿಗೆ.

ನಮ್ಮ ಟವರ್‌ಗಳಲ್ಲಿ ನೋಡಿರ್ತೀರ, ಪ್ಯಾಸೇಜಲ್ಲಿ ಕೂತು ಒಣಗಲ್ಲು ಕೊಯ್ತಾ ಇರ್ತಾನೆ, ಮೂಗಿಗೆ ಒಂದು ಕರವಸ್ತ್ರ. ಅದು ಆ ಧೂಳನ್ನ ತಡೆಯಲ್ಲ. ನಾವು ಮಾಡಬಹುದಾದ್ದು ಇಷ್ಟು: ಆದಷ್ಟು ಕಟಿಂಗ್ ಅಂಗಡಿಯಲ್ಲೇ, ನೀರಿನ ಮೆಷಿನ್‌ನಲ್ಲೇ ಆಗಲಿ ಅಂತ ಆರ್ಡರ್ ಕೊಡುವಾಗಲೇ ಬರೆಸಿ. ಮನೇಲಿ ಕೊಯ್ಯಲೇಬೇಕಾದ್ರೆ "ಪಾಣೀ ಮಾರೂನ್ ಕಾಪಾ" ಅನ್ನಿ, ಹಿಂದಿಯವನಾದ್ರೆ "ಪಾನೀ ಡಾಲ್‌ಕೇ ಕಾಟೋ" ಅನ್ನಿ. ನೀರು ಹಾಕಿದ್ರೆ ಧೂಳು ಬಹಳ ಮಟ್ಟಿಗೆ ಕೆಸರಾಗಿ ಕೂತುಬಿಡತ್ತೆ. ಒಳ್ಳೆ ಎನ್-95 ಮಾಸ್ಕ್ ನೀವೇ ಕೊಡಿ. ಲಕ್ಷಗಟ್ಟಲೆ ಇಂಟೀರಿಯರ್ ಖರ್ಚಲ್ಲಿ ಅದೊಂದು ಲೆಕ್ಕವೇ ಅಲ್ಲ. ಕೆಲಸ ಮುಗಿಯೋವರೆಗೂ ಮಕ್ಕಳನ್ನ ಅಲ್ಲಿಗೆ ಕರ್ಕೊಂಡು ಹೋಗಬೇಡಿ.

ಕೊನೆಗೆ, ಯಾರಿಗೆ ಯಾವುದು

ದಿನಾ ಅಡುಗೆ, ಅಪ್ಪ ಅಮ್ಮ ಜೊತೆಗಿದ್ದಾರೆ, ಕೆಲಸದ ಬಾಯಿ ಪಾತ್ರೆ ತೊಳೀತಾರೆ: ಕಡು ಬಣ್ಣದ ಗ್ರಾನೈಟ್.

ಇಬ್ಬರೇ ಇದ್ದೀರಿ, ವಾರದಲ್ಲಿ ನಾಲ್ಕು ದಿನ ಆಫೀಸ್ ಊಟ, ಬಿಳಿ ಬಣ್ಣ ನಿಮಗೆ ಖುಷಿ ಕೊಡತ್ತೆ: ಕ್ವಾರ್ಟ್ಜ್ ಹಾಕಿಸಿ, ಒಲೆ ಪಕ್ಕ ಒಂದು ಮಣೆ ಕಾಯಂ ಇಡಿ. ಬಜೆಟ್ ಇದ್ದು ಒಳ್ಳೆ ಫಿಟರ್ ಸಿಕ್ಕಿದ್ರೆ ಪೋರ್ಸಲಿನ್ ಸ್ಲ್ಯಾಬ್ ಅದಕ್ಕಿಂತ ವಾಸಿ.

ಎರಡು ಮೂರು ವರ್ಷದಲ್ಲಿ ಬೆಂಗಳೂರಿಗೆ ಟ್ರಾನ್ಸ್‌ಫರ್ ಆಗಬಹುದು, ಮನೆ ಬಾಡಿಗೆಗೆ ಕೊಡ್ತೀರಿ: ಬಿಲ್ಡರ್ ಕೊಟ್ಟಿದ್ದನ್ನೇ ಇಟ್ಕೊಳ್ಳಿ. ಬಾಡಿಗೆಯವರು ಮಣೆ ಇಡಲ್ಲ. ಬಿಳಿ ಕಟ್ಟೆ ಇದೆ ಅಂತ ಬಾಡಿಗೆ ಹೆಚ್ಚು ಕೊಡೋರು ನನಗಂತೂ ಇನ್ನೂ ಸಿಕ್ಕಿಲ್ಲ. ಆ ದುಡ್ಡನ್ನ ಸಾಲದ ಅಸಲಿಗೆ ಕಟ್ಟಿ.

ನಿಮ್ಮ ಮನೇಲಿ ಯಾವ ಕಲ್ಲಿದೆ, ಎಷ್ಟು ವರ್ಷ ಆಯ್ತು, ಈಗ ಹೇಗಿದೆ ಅಂತ ಬರೆದು ತಿಳಿಸಿ. ಹೊಸದಾಗಿ ಮನೆ ಮಾಡ್ತಿರೋರಿಗೆ ಹತ್ತು ವರ್ಷ ಬಳಸಿದವರ ಒಂದು ಸಾಲು ಯಾವ ಕ್ಯಾಟಲಾಗ್‌ಗಿಂತ ಹೆಚ್ಚು ಉಪಯೋಗಕ್ಕೆ ಬರತ್ತೆ. ಮುಂದಿನ ಸಲ ಕಟ್ಟೆ ಕೆಳಗಿನ ಟ್ರಾಲಿ, ಪ್ಲೈವುಡ್ ಬಗ್ಗೆ ಮಾತಾಡೋಣ.